ಪರದೆಯ ಅಂಚಿನ ಅರವತ್ತಮೂರು ನಾಣ್ಯಗಳ ಬಗ್ಗೆ ಸಮಜಾಯಿಷಿ

ಇಂದ,
ಹೊಲಿಗೆ ಅಂಗಡಿಯಾಕೆ (ತಮ್ಮ ನೋಟೀಸಿನಲ್ಲಿ "ಸದರಿ ಸೊಸೆ" ಎಂದು ನಮೂದಾಗಿರುವವಳು),
ಅಂಚೆ ಕಚೇರಿಯ ಹಿಂದಿನ ಓಣಿ, ಎರಡನೆಯ ಮಹಡಿ. ಇಡೀ ಓಣಿಯಲ್ಲಿ ಕಿಟಕಿಗೆ ಪರದೆಯಿಲ್ಲದ ಮನೆ ಸದ್ಯಕ್ಕೆ ಇದೊಂದೇ ಆದ್ದರಿಂದ ಗುರುತಿಸುವುದು ಸುಲಭ.

ಗೆ,
ಮಾನ್ಯ ನಾಣ್ಯ ಪರಿಶೀಲನಾಧಿಕಾರಿಗಳು,
ಹಳೆಯ ವಸ್ತುಗಳ ಕಚೇರಿ.

ವಿಷಯ: ನಾನು ನಿಧಿ ಮುಚ್ಚಿಟ್ಟಿಲ್ಲವೆಂದೂ, ನಾಣ್ಯ ಅದಲುಬದಲು ಮಾಡಿಲ್ಲವೆಂದೂ, ನಾಣ್ಯ ತೊಳೆದವಳು ನಾನಲ್ಲವೆಂದೂ ತಿಳಿಸುವ ಬಗ್ಗೆ, ಹಾಗೂ ಪರದೆಗಳನ್ನು ಹಿಂದಿರುಗಿಸುವಂತೆ ಕೋರುವ ಬಗ್ಗೆ.

ಉಲ್ಲೇಖ: 1) ತಮ್ಮ ಕಚೇರಿಯ ನೋಟೀಸು. ದಿನಾಂಕದ ಮೇಲೆ ಯಾರೋ ಚಹಾ ಲೋಟ ಇಟ್ಟಿರುವುದರಿಂದ ದಿನಾಂಕ ಓದಲಾಗಲಿಲ್ಲ.
2) ನನ್ನ ಮೈದುನ ತಮಗೆ ಸಲ್ಲಿಸಿದ ದೂರು, ಪುಟ ಏಳು, ಕಾಗುಣಿತದ ತಪ್ಪು ನಲವತ್ತೊಂದು.

ಮಾನ್ಯರೇ,

ಉಲ್ಲೇಖ ಒಂದರಲ್ಲಿ "ಸದರಿ ನಾಣ್ಯಗಳು ಹೇಗೆ ದೊರೆತವು, ಯಾರು ಯಾರು ಮುಟ್ಟಿದರು ಎಂಬುದನ್ನು ಏಳು ದಿನಗಳೊಳಗೆ ಕ್ರಮವಾಗಿ ತಿಳಿಸತಕ್ಕದ್ದು" ಎಂದು ಆದೇಶಿಸಿದ್ದೀರಿ. ಆದ ಕಾರಣ ಕ್ರಮವಾಗಿಯೇ ತಿಳಿಸುತ್ತಿದ್ದೇನೆ. ಇಪ್ಪತ್ತಾರು ವರ್ಷಗಳಿಂದ ಹೊಲಿಗೆ ನನ್ನ ಕಸುಬು. ಅಳತೆ ಮೀರಿ ಮಾತಾಡುವ ಅಭ್ಯಾಸವಿಲ್ಲ. ಈ ಅರ್ಜಿಯಲ್ಲಿ ಎಲ್ಲಾದರೂ ಮೀರಿದ್ದರೆ ಅದು ನನ್ನ ಗಂಡನ ಮನೆಯವರ ಅಳತೆ ಎಂದು ತಿಳಿಯತಕ್ಕದ್ದು.

1. ನಾಣ್ಯಗಳ ಮೂಲದ ಬಗ್ಗೆ. ಸದರಿ ಪರದೆಗಳನ್ನು ಹೊಲಿದವರು ನನ್ನ ಅತ್ತೆ. ನಲವತ್ತು ವರ್ಷ ಪರದೆ ಹೊಲಿದೇ ಮೂರು ಮಕ್ಕಳನ್ನು ಸಾಕಿದವರು. ಆಸ್ಪತ್ರೆಯ ವಾರ್ಡಿನಿಂದ ನಾಟಕದ ಸಭಾಂಗಣದವರೆಗೆ ಈ ಊರಿನ ಮುಕ್ಕಾಲು ಪಾಲು ಪರದೆ ಅವರ ಕೈಯದು. ತಮ್ಮ ಕಚೇರಿಯ ಸಭಾ ಕೊಠಡಿಯದೂ ಇರಬಹುದು, ಧೂಳು ಕೊಡವಿದರೆ ತಿಳಿದೀತು. ಪರದೆ ಗಾಳಿಗೆ ಹಾರಾಡದೆ ನೆಟ್ಟಗೆ ಇಳಿಬೀಳಬೇಕಾದರೆ ಕೆಳಗಿನ ಅಂಚಿನೊಳಗೆ ಭಾರ ಹಾಕಬೇಕು. ಗಿರಾಕಿಗಳ ಪರದೆಗೆ ಅತ್ತೆ ಸೀಸದ ಗುಂಡು ಹಾಕುತ್ತಿದ್ದರು. ಸ್ವಂತ ಮನೆಗೆ ಸೀಸ ಕೊಳ್ಳಲು ಅವರಿಗೆ ಕೈ ಬರಲಿಲ್ಲ. ಆದ್ದರಿಂದ ಚಲಾವಣೆ ನಿಂತು ಡಬ್ಬಿಯ ತಳದಲ್ಲಿ ಬಿದ್ದಿದ್ದ ಹಳೆಯ ಕಾಸುಗಳನ್ನು ಹಾಕಿದರು. ಪರದೆಗೆ ಒಂಬತ್ತು. ಒಂದೊಂದಕ್ಕೂ ಬೇರೆ ಬೇರೆ ಪುಟ್ಟ ಜೇಬು, ಕಾಸು ಸರಿದು ಒಂದೇ ಮೂಲೆ ಸೇರಬಾರದಲ್ಲ. ಮನೆಯಲ್ಲಿದ್ದ ಪರದೆ ಏಳು.

"ಓಡದ ಕಾಸಿಗೂ ಒಂದು ಕೆಲಸ ಕೊಡ್ಬೇಕು ಕಣೇ. ಸುಮ್ನೆ ಕೂತ್ರೆ ಅದಕ್ಕೂ ಬೇಜಾರು" ಎಂದಿದ್ದರು.

ಕೊನೆಯ ಎರಡು ಪರದೆಗಳ ಹೊತ್ತಿಗೆ ಅವರ ಕಣ್ಣು ಮಂಜಾಗಿತ್ತು; ಸೂಜಿಗೆ ದಾರ ಪೋಣಿಸಿಕೊಟ್ಟವಳು ನಾನು. ಆದ ಕಾರಣ ನಾಣ್ಯಗಳ ವಿಷಯ ನನಗೆ ಮೊದಲಿನಿಂದ ಗೊತ್ತಿತ್ತೆಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ. ಪರದೆಯ ಬಟ್ಟೆ ಯಾವುದು, ದಾರ ಎಂಥದು ಎಂಬುದೂ ಗೊತ್ತಿತ್ತು. ಅದನ್ನು ಯಾರೂ ಕೇಳಿಲ್ಲ.

2. ನಾಣ್ಯಗಳು ಹೊರಬಿದ್ದ ಬಗ್ಗೆ. ಅತ್ತೆ ತೀರಿಕೊಂಡು ಎಂಟು ತಿಂಗಳು. ಅದಕ್ಕೂ ಮುಂಚೆ ಆರು ವರ್ಷ ಹಾಸಿಗೆಯಲ್ಲಿದ್ದರು. ಅವರ ಕೋಣೆಯ ಪರದೆಯನ್ನು ಒಗೆಯಲೆಂದು ಮಷೀನಿಗೆ ಹಾಕಿದೆ. ಅಂಚಿನ ಜೇಬೊಂದು ಸವೆದಿತ್ತೋ ಏನೋ, ಮಷೀನು ಲಟಲಟ ಎಂದು ನಿಂತುಹೋಯಿತು. ರಿಪೇರಿಯವನು ಬಂದು ತಳ ಬಿಚ್ಚಿ, ಕಪ್ಪಗಾದ ಒಂದು ಕಾಸು ತೆಗೆದು, "ಅಕ್ಕಾ, ನಿಮ್ಮ ಮಷೀನು ಲಂಚ ತಿಂದಿದೆ ನೋಡಿ" ಎಂದ. ನಕ್ಕು, ಅದನ್ನು ಗುಂಡಿ ಡಬ್ಬಿಗೆ ಹಾಕಿದೆ. ವಿಷಯ ಇಲ್ಲಿಗೇ ಮುಗಿಯಬೇಕಿತ್ತು.

ಆದರೆ ನನ್ನ ಯಜಮಾನರು ಆಗ ಮನೆಯಲ್ಲಿದ್ದರು. ಅವರು ಹನ್ನೆರಡು ಮಹಡಿಯ ಕಟ್ಟಡವೊಂದರಲ್ಲಿ ಲಿಫ್ಟ್ ನಡೆಸುವವರು. ಮೇಲೆ ಹೋಗಿ ಕೆಳಗೆ ಬಂದು ಅಭ್ಯಾಸವಾಗಿ, ಮುಂದೆ ಹೋಗುವುದನ್ನು ಮರೆತಿದ್ದಾರೆ. ಬಾಯಿ ಇದ್ದೂ ಮಾತಾಡುವವರಲ್ಲ. ಆ ಸಂಜೆ ತಮ್ಮನ ಫೋನು ಬಂತು. ಅವನು "ಮತ್ತೇನಣ್ಣಾ ವಿಶೇಷ?" ಎಂದು ಕೇಳಿರಬೇಕು. ವರ್ಷಕ್ಕೊಂದು ಮಾತಾಡುವ ನನ್ನ ಯಜಮಾನರು ಆ ವರ್ಷದ ಮಾತನ್ನು ಆಗ ಖರ್ಚು ಮಾಡಿದರು.

"ಅಮ್ಮನ ಪರದೇಲಿ ಹಳೇ ಕಾಸು ಸಿಕ್ತು."

ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯಿತು.

3. ಮೈದುನ ಮತ್ತು ನಾದಿನಿಯ ಆಗಮನದ ಬಗ್ಗೆ. ಮೈದುನ ಬಾಡಿಗೆ ಮನೆಗಳ ದಲ್ಲಾಳಿ. ಸೋರುವ ಗೋಡೆಯನ್ನು ತೋರಿಸಿ "ತಂಪಾಗಿರುತ್ತೆ" ಎಂದು ಹೇಳಬಲ್ಲವನು. ಅವನ ಮನೆಯಿಂದ ನಮ್ಮ ಮನೆಗೆ ನಲವತ್ತು ನಿಮಿಷದ ದಾರಿ. ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿದಾಗ ಇದೇ ದಾರಿ ಸವೆಸಲು ಅವನಿಗೆ ನಾಲ್ಕು ದಿನ ಹಿಡಿದಿತ್ತು. ಈ ಸಲ ಮೂವತ್ತೈದು ನಿಮಿಷದಲ್ಲಿ ಬಂದ. ಜೊತೆಗೆ ಅಕ್ಕನನ್ನೂ ಕರೆತಂದ. ನನ್ನ ನಾದಿನಿ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ನ್ಯಾಯ ನೀತಿ ಬಲ್ಲವರು. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಅವರಿಗೆ ತಾಯಿಯ ಮಾತು ನೆನಪಾಯಿತು.

"ಅಮ್ಮ ನಂಗೆ ಅವತ್ತೇ ಹೇಳಿದ್ಲು. ಪರದೆ ಎಲ್ಲಾ ನಿನಗೇ ಕಣೇ ಅಂತ."

"ಯಾವತ್ತು?" ಎಂದು ಕೇಳಿದೆ.

"ಅವತ್ತು" ಎಂದರು.

ಅತ್ತೆ ಹಾಸಿಗೆ ಹಿಡಿದ ಆರು ವರ್ಷದಲ್ಲಿ ನಾದಿನಿ ಬಂದದ್ದು ಒಟ್ಟು ಐದು ಸಲ. ಐದು ಸಲವೂ ನಾನು ಕೋಣೆಯಲ್ಲೇ ಇದ್ದೆ. ಅವರು ಪರದೆ ಕೇಳಿದ್ದು ನನಗೆ ನೆನಪಿಲ್ಲ; ಕೋಣೆಯ ವಾಸನೆಗೆ ಕಿಟಕಿ ತೆಗೆಯಲು ಹೇಳಿದ್ದು ನೆನಪಿದೆ.

4. ಪರದೆಗಳನ್ನು ಹರಿದ ಬಗ್ಗೆ. ಮೈದುನ ಕುರ್ಚಿ ಹತ್ತಿ ಆರು ಪರದೆಗಳನ್ನು ಇಳಿಸಿ, ಮಷೀನಿನಿಂದ ತೆಗೆದ ಏಳನೆಯದನ್ನೂ ಸೇರಿಸಿ ನಡುಮನೆಯಲ್ಲಿ ರಾಶಿ ಹಾಕಿದ. ಆಮೇಲೆ ಜೇಬಿನಿಂದ ಬ್ಲೇಡು ತೆಗೆದ. ನನ್ನ ಹತ್ತಿರ ಹೊಲಿಗೆ ಬಿಚ್ಚುವ ಕೊಕ್ಕೆ ಇದೆ. ಬಟ್ಟೆಗೆ ಏಟಾಗದ ಹಾಗೆ ಅರ್ಧ ಗಂಟೆಯಲ್ಲಿ ಎಲ್ಲ ತೆಗೆದುಕೊಡಬಲ್ಲೆ.

"ತಡಿಯೋ, ಬಿಚ್ಚೋದಕ್ಕೂ ಒಂದು ರೀತಿ ಇದೆ" ಎಂದೆ.

"ನೀವು ಸುಮ್ನಿರಿ ಅತ್ತಿಗೆ. ಲಕ್ಷಾಂತರದ ವಿಷಯ ಇದು, ಗುಂಡಿ ಕಾಜದ್ದಲ್ಲ" ಎಂದ.

ಚರ್ ಎಂದು ಎಳೆದ. ಅತ್ತೆಯ ಹೊಲಿಗೆ ಎಂಥದೆಂದರೆ, ಬ್ಲೇಡಿಗೂ ಅದು ಸುಲಭವಾಗಿ ಸಿಗಲಿಲ್ಲ. ಬಟ್ಟೆ ಹರಿಯಿತು, ಹೊಲಿಗೆ ಹಾಗೇ ನಿಂತಿತು. ಅವರ ಕೋಣೆಯ ಪರದೆ ಕೊನೆಯದು. ಕೈ ನಡುಗುವ ಕಾಲದಲ್ಲಿ ಹೊಲಿದದ್ದು, ಸಾಲು ಸೊಟ್ಟ. ನಾದಿನಿ ಅದನ್ನು ನೋಡಿ, "ಇದೇನು, ಅಮ್ಮನ ಕೈಯೇ ಅಲ್ಲ ಇದು. ಯಾರೋ ಬಿಚ್ಚಿ ಮತ್ತೆ ಹೊಲಿದ ಹಾಗಿದೆ" ಎಂದು ನನ್ನ ಮುಖ ನೋಡಿದರು. ತಾಯಿಯ ಕೈ ನಡುಗುತ್ತಿತ್ತೆಂಬುದು ಮಗಳಿಗೆ ತಿಳಿದಿರಲಿಲ್ಲ. ತಮ್ಮ ನೋಟೀಸಿನ ಎರಡನೆಯ ಆರೋಪ ಹುಟ್ಟಿದ್ದು ಈ ಕ್ಷಣದಲ್ಲಿ ಎಂದು ದಯವಿಟ್ಟು ಗಮನಿಸತಕ್ಕದ್ದು.

ಗುಂಡಿ ಡಬ್ಬಿಯಲ್ಲಿದ್ದುದೂ ಸೇರಿ ಒಟ್ಟು ಅರವತ್ತಮೂರು.

5. ತೊಳೆದ ಬಗ್ಗೆ. ಇದು ಮುಖ್ಯವಾದ್ದರಿಂದ ನಿಧಾನವಾಗಿ ಓದಬೇಕಾಗಿ ವಿನಂತಿ.

ಕಾಸುಗಳೆಲ್ಲ ಕಂದು, ಕಪ್ಪು, ಕೆಲವು ಪಾಚಿಬಣ್ಣ. ಮೈದುನ ಫೋನಿನಲ್ಲಿ ಯಾವನೋ ಒಬ್ಬ ಕಿರುಚುವ ವಿಡಿಯೋ ನೋಡಿದ. ಇಂಥದೇ ಒಂದು ಕಾಸು ಹನ್ನೆರಡು ಲಕ್ಷಕ್ಕೆ ಹೋಯಿತಂತೆ. ಮೈದುನನ ತಲೆಯಲ್ಲಿ ಹನ್ನೆರಡನ್ನು ಅರವತ್ತಮೂರರಿಂದ ಗುಣಿಸುವ ಸದ್ದು ನನಗೆ ಕೇಳಿಸಿತು.

"ಗಲೀಜಾಗಿ ತಗೊಂಡು ಹೋದ್ರೆ ಯಾರು ಕಾಸು ಕೊಡ್ತಾರೆ? ಮನೆ ತೋರಿಸೋ ಮುಂಚೆ ಸುಣ್ಣ ಹೊಡಿಸಲ್ವಾ?" ಎಂದ.

"ಹಾಗೇ ಇರ್ಲಿ ಬಿಡೋ. ಮೊದ್ಲು ಗೊತ್ತಿರೋರಿಗೆ ತೋರ್ಸೋಣ" ಎಂದೆ. ಇಂಥ ವಿಷಯ ನನಗೇನೂ ಗೊತ್ತಿಲ್ಲ. ಆದರೆ ಬಣ್ಣ ಬಿಡುತ್ತದೋ ಇಲ್ಲವೋ ತಿಳಿಯದ ಬಟ್ಟೆಯನ್ನು ನೀರಿಗೆ ಹಾಕಬಾರದೆಂಬಷ್ಟು ಗೊತ್ತಿದೆ.

ನನ್ನ ಅಡುಗೆಮನೆಯ ಬೋಗುಣಿಯಲ್ಲಿ ಎಂಟು ನಿಂಬೆಹಣ್ಣು ಹಿಂಡಿ, ಉಪ್ಪು ಸುರಿದು, ಅರವತ್ತಮೂರನ್ನೂ ನೆನೆಹಾಕಿದ. ಆಮೇಲೆ ಹಿತ್ತಾಳೆ ಉಜ್ಜುವ ಪುಡಿ ತಂದು, ನನ್ನ ಅಸ್ತರಿನ ಚೂರು ಬಟ್ಟೆಯಲ್ಲಿ ಒಂದೊಂದನ್ನೂ ತಿಕ್ಕಿದ. ಒಂದೂವರೆ ಗಂಟೆ. ನಾದಿನಿ ಒರೆಸಿ ಸಾಲಾಗಿ ಜೋಡಿಸಿದರು, ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸುವ ಹಾಗೆ. ಯಜಮಾನರು ಬಾಗಿಲ ಚೌಕಟ್ಟಿಗೆ ಒರಗಿ ಎಲ್ಲವನ್ನೂ ನೋಡುತ್ತಿದ್ದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕೊನೆಗೆ ಅರವತ್ತಮೂರು ಕಾಸೂ ಮಕ್ಕಳ ಅಂಗಿಯ ಹೊಸ ಗುಂಡಿಗಳಂತೆ ಫಳಫಳ ಹೊಳೆದವು. ಮೈದುನ ಫೋಟೋ ತೆಗೆದ.

6. ಬೆಲೆ ಕಟ್ಟಿಸಿದ ಬಗ್ಗೆ. ಮಾರನೆಯ ದಿನ, ಯಜಮಾನರ ಡ್ಯೂಟಿ ಮುಗಿದ ಮೇಲೆ, ನಾಲ್ವರೂ ಹಳೆ ನಾಣ್ಯ, ಅಂಚೆಚೀಟಿ ಮಾರುವ ಅಂಗಡಿಗೆ ಹೋದೆವು. ನನ್ನನ್ನು ಕರೆದದ್ದು ಚೀಲ ಹಿಡಿಯಲು. ಅಂಗಡಿಯ ಯಜಮಾನರನ್ನು ಎಲ್ಲರೂ ಭೂತಗನ್ನಡಿ ಎನ್ನುತ್ತಾರೆ. ಒಂದು ಕಣ್ಣು ಸದಾ ಗಾಜಿನ ಹಿಂದೆ. ಮೈದುನ ಅರಿವೆ ಬಿಚ್ಚಿ ಹರಡಿದ. ಆ ಸಲ ಮಾತ್ರ ಅವರು ಗಾಜನ್ನು ಕಣ್ಣಿಗೆ ಎತ್ತಲೇ ಇಲ್ಲ.

"ಯಾರು ತೊಳೆದದ್ದು?"

"ಯಾಕೆ? ಚೆನ್ನಾಗಿ ಹೊಳೀತಿದೆ ಅಲ್ವಾ?" ಎಂದ ಮೈದುನ.

"ಹೊಳೀತಿದೆ. ಅದಕ್ಕೇ ಕೇಳ್ದೆ."

ಆದರೂ ಆ ಪುಣ್ಯಾತ್ಮರು ಅರವತ್ತಮೂರನ್ನೂ ನೋಡಿದರು. ಪುಟ್ಟ ತಕ್ಕಡಿಯಲ್ಲಿ ತೂಗಿದರು, ಅಯಸ್ಕಾಂತ ತೋರಿಸಿದರು, ಅಂಚಿನ ಗೀರುಗಳ ಮೇಲೆ ಉಗುರು ಆಡಿಸಿದರು. ಒಂಬತ್ತನ್ನು ಪಕ್ಕಕ್ಕೆ ತಳ್ಳಿದರು. "ಇವು ನಾಣ್ಯವೇ ಅಲ್ಲ. ನಾಲ್ಕು ಬಸ್ಸಿನ ಬಿಲ್ಲೆ. ನಾಲ್ಕು ವಾಷರು. ಇದೊಂದು ಕೋಟಿನ ಗುಂಡಿ, ಹಿಂದಿನ ಕೊಂಡಿ ಮುರಿದಿದೆ." ಹಿಂದಿನ ರಾತ್ರಿ ಮೈದುನ ಎದೆಗೊತ್ತಿಕೊಂಡು "ಇದರಲ್ಲಿ ಅಕ್ಷರವೇ ಇಲ್ಲ ಅಂದ್ರೆ ಎಷ್ಟು ಹಳೇದಿರ್ಬೇಕು" ಎಂದದ್ದು ಆ ಗುಂಡಿಯನ್ನೇ.

ಐವತ್ತಮೂರು ಸಾಮಾನ್ಯದವು. ಲಕ್ಷಗಟ್ಟಲೆ ಅಚ್ಚಾದವು, ಕಿಲೋ ಲೆಕ್ಕದಲ್ಲಿ ಹೋಗುತ್ತವೆ. ಉಳಿದದ್ದು ಒಂದು. ಅದನ್ನು ಅವರು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ವರ್ಷ ನೋಡಿ ಬೆಲೆ ಹೇಳೋರು ಬೀದಿಗೊಬ್ರು ಸಿಗ್ತಾರೆ. ವರ್ಷದ ಕೆಳಗೆ ನೋಡ್ಬೇಕು. ಇಲ್ಲೊಂದು ಚುಕ್ಕೆ ಇದೆ, ಕಾಣ್ತಾ? ಎಲ್ಲಿ ಅಚ್ಚಾಯ್ತು ಅನ್ನೋ ಗುರುತು ಅದು. ಆ ವರ್ಷ ಆ ಚುಕ್ಕೆ ಇರೋದು ಹೊರಗೆ ಬಂದದ್ದು ತೀರಾ ಕಮ್ಮಿ. ಇದನ್ನ ಮಸಿ ಸಮೇತ ಹಾಗೇ ತಂದಿದ್ರೆ, ಕೊಳ್ಳೋರು ಒಂದು ವರ್ಷದ ಮನೆ ಬಾಡಿಗೆಯಷ್ಟು ಕೊಡ್ತಿದ್ರು."

"ಈಗ?" ಎಂದರು ನಾದಿನಿ.

"ಈಗ ಮೇಲಿನ ಪದರವೇ ಇಲ್ಲ. ರಾಜನ ಮೂಗೂ ಅರ್ಧ ಹೋಗಿದೆ. ಒಂದು ಜೊತೆ ಚಪ್ಪಲಿ ಬರುತ್ತೆ. ಒಳ್ಳೇ ಚಪ್ಪಲಿ ಅಲ್ಲ." ಆಮೇಲೆ ಮತ್ತೆ ಕೇಳಿದರು, "ಯಾರು ತೊಳೆದದ್ದು?"

ಮೈದುನ ಒಂದು ಕ್ಷಣವೂ ತಡಮಾಡಲಿಲ್ಲ. "ನಮ್ಮ ಅತ್ತಿಗೆ. ಅವ್ರಿಗೆ ಇದೆಲ್ಲ ಗೊತ್ತಾಗಲ್ಲ, ಪಾಪ."

ಆ "ಪಾಪ" ನನ್ನನ್ನು ಚುಚ್ಚಿದಷ್ಟು ಮೊದಲನೆಯ ಮಾತು ಚುಚ್ಚಲಿಲ್ಲ. ನಾದಿನಿಯತ್ತ ನೋಡಿದೆ, ಅವರು ಕೈಚೀಲದ ಜಿಪ್ಪು ಎಳೆಯುತ್ತಿದ್ದರು. ಯಜಮಾನರತ್ತ ನೋಡಿದೆ, ಅವರು ಮೇಲೆ ತಿರುಗುವ ಫ್ಯಾನನ್ನು, ಎಷ್ಟನೆಯ ಮಹಡಿ ಬಂತೆಂದು ನೋಡುವವರ ಹಾಗೆ, ನೋಡುತ್ತಿದ್ದರು. ಭೂತಗನ್ನಡಿಯವರು ಮಾತ್ರ ನನ್ನ ಕೈ ನೋಡಿದರು, ಮೈದುನನ ಕೈ ನೋಡಿದರು.

"ಉಗುರು ತೊಳ್ಕೊಳ್ಳಿ ಸ್ವಾಮಿ" ಎಂದು ಅವನಿಗೆ ಹೇಳಿ, ಕಾಸುಗಳನ್ನು ಅರಿವೆಗೆ ಸುರಿದುಕೊಟ್ಟರು. ಪುಡಿಯ ಮಸಿ ಅವನ ಹತ್ತೂ ಉಗುರುಗಳ ಸಂದಿಯಲ್ಲಿತ್ತು.

7. ದೂರಿನ ಬಗ್ಗೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮೈದುನನ ಪ್ರಕಾರ ನಾನೂ ಭೂತಗನ್ನಡಿಯವರೂ ಒಂದಾಗಿದ್ದೇವೆ. ಅಸಲು ನಾಣ್ಯಗಳನ್ನು ನಾನು ಮೊದಲೇ ಬಿಚ್ಚಿ ತೆಗೆದು, ಬಸ್ಸಿನ ಬಿಲ್ಲೆ ತುಂಬಿ, ಸೊಟ್ಟ ಹೊಲಿಗೆ ಹಾಕಿ, ಗುರುತು ಸಿಗಬಾರದೆಂದು ತೊಳೆದಿದ್ದೇನೆ. ಇಷ್ಟು ಬುದ್ಧಿ ನನಗಿದ್ದಿದ್ದರೆ ಈ ಮನೆಗೆ ಸೊಸೆಯಾಗಿ ಬರುತ್ತಿರಲಿಲ್ಲ ಎಂದು ನಮ್ರತೆಯಿಂದ ತಿಳಿಸಬಯಸುತ್ತೇನೆ.

ತಮ್ಮ ಕಚೇರಿಯ ಇಬ್ಬರು ಕಳೆದ ವಾರ ಬೆಳಗ್ಗೆ ಹನ್ನೊಂದಕ್ಕೆ ನನ್ನ ಅಂಗಡಿಗೆ ಬಂದರು. ಗಿರಾಕಿಗಳು ತುಂಬಿರುವ ಹೊತ್ತು. ಒಬ್ಬರು ಗುಂಡಿಯ ಡ್ರಾಗಳನ್ನೆಲ್ಲ ಮೇಜಿನ ಮೇಲೆ ಬೋರಲು ಹಾಕಿದರು. ಇನ್ನೊಬ್ಬರು ಎಲ್ಲರಿಗೂ ಕೇಳುವ ಹಾಗೆ, "ಕದ್ದ ಮಾಲು ಎಲ್ಲಮ್ಮಾ ಇಟ್ಟಿದ್ದೀಯ?" ಎಂದರು. ಆಮೇಲೆ ಮನೆಗೆ ಹೋಗಿ ಹರಿದ ಏಳು ಪರದೆಗಳನ್ನು ಮಹಜರು ಮಾಡಿ ಒಯ್ದರು.

ಮಾನ್ಯರೇ, ಹೊಲಿಗೆಯವಳ ಕೈಗೆ ಜನ ಬಟ್ಟೆ ಕೊಡುವುದು ನಂಬಿಕೆಯ ಮೇಲೆ. ಮೂರು ಮೀಟರ್ ಕೊಟ್ಟವರು ಮೂರಕ್ಕೆ ಮೂರೂ ತಮ್ಮ ಮೈಮೇಲೆ ಬರುತ್ತದೆಂದು ನಂಬಿರುತ್ತಾರೆ. ಅವತ್ತು ಸಂಜೆಯೊಳಗೆ ಐದು ಜನ ಬಟ್ಟೆ ವಾಪಸು ಒಯ್ದರು. ಒಬ್ಬಾಕೆ ಹನ್ನೆರಡು ವರ್ಷದ ಗಿರಾಕಿ. "ತಪ್ಪು ತಿಳ್ಕೋಬೇಡಿ, ನಮ್ಮನೆಯವರು ಬೇಡ ಅಂದ್ರು" ಎಂದು ಹೇಳಿ, ನನ್ನೆದುರೇ ಟೇಪು ಹಿಡಿದು ಬಟ್ಟೆ ಅಳೆದುಕೊಂಡು ಹೋದರು. ಸರಿಯಾಗಿತ್ತು. ಸರಿಯಾಗಿದೆ ಎಂದು ಹೇಳಲೂ ಇಲ್ಲ.

8. ಸಹಿಯ ಬಗ್ಗೆ. ನೋಟೀಸಿನೊಂದಿಗೆ ದೂರಿನ ಪ್ರತಿಯನ್ನೂ ಕಳಿಸಿದ್ದೀರಿ, ಉಪಕಾರವಾಯಿತು. ಏಳನೆಯ ಪುಟದ ಕೊನೆಯಲ್ಲಿ "ನಾಣ್ಯಗಳನ್ನು ತೊಳೆದದ್ದು ಸದರಿ ಸೊಸೆಯೇ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ" ಎಂದಿದೆ. ಅದರ ಕೆಳಗೆ ಸಾಕ್ಷಿಯ ಸಹಿ. ಆ ಸಹಿ ನನಗೆ ಗೊತ್ತು. ಇಪ್ಪತ್ತೆಂಟು ವರ್ಷದಿಂದ ಬಾಡಿಗೆ ಕರಾರಿನ ಮೇಲೆ, ಆಸ್ಪತ್ರೆಯ ಕಾಗದಗಳ ಮೇಲೆ ನೋಡುತ್ತಿದ್ದೇನೆ. ಕಾಗದ ಎದುರು ಹಿಡಿದು ಕೇಳಿದೆ.

"ಇದು ನಿಮ್ಮದೇನ್ರಿ?"

"ಹೂಂ."

"ಓದಿದ್ರಾ?"

"ಕನ್ನಡಕ ಇರ್ಲಿಲ್ಲ."

"ಏನು ಅಂತ ಕೇಳ್ಬಹುದಿತ್ತಲ್ಲ?"

"ತಮ್ಮ ಅಲ್ವಾ" ಎಂದರು.

"ನಾನು ಯಾರು?" ಎಂದೆ. ಅದಕ್ಕೆ ಉತ್ತರ ಬರಲಿಲ್ಲ. ಆ ಮಟ್ಟಿಗೆ ಈ ಕಲಮು ಅಪೂರ್ಣವೆಂದು ತಿಳಿಯತಕ್ಕದ್ದು.

ಅವತ್ತಿನಿಂದ ನಾಲ್ಕು ದಿನ ಮನೆಯಲ್ಲಿ ಮಾತಿಲ್ಲ. ಅವರಿಗೆ ಅದರ ವ್ಯತ್ಯಾಸ ಗೊತ್ತಾಗಿದ್ದು ಮೂರನೆಯ ದಿನ. ನಾನು ಅಂಗಡಿಯ ಕತ್ತರಿಸುವ ಮೇಜಿನ ಮೇಲೆ ಈ ಅರ್ಜಿ ಬರೆಯುತ್ತಿದ್ದೇನೆ. ತಾಯಿ ತೀರಿಕೊಂಡ ದಿನಗಳನ್ನು ಬಿಟ್ಟರೆ ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ರಜೆ ಹಾಕಿ ಅವರು ಎದುರಿನ ಸ್ಟೂಲಿನ ಮೇಲೆ ಬಂದು ಕೂತಿದ್ದಾರೆ. ಬರೆದಾದ ಪುಟಗಳನ್ನು ಒಂದೊಂದಾಗಿ ತಮ್ಮ ಕಡೆ ಎಳೆದುಕೊಳ್ಳುತ್ತಿದ್ದಾರೆ. ನಾನು ತಡೆದಿಲ್ಲ.

9. ಆರೋಪಗಳಿಗೆ ಉತ್ತರ. ತಮ್ಮ ವಶದಲ್ಲಿರುವ ಪರದೆಗಳ ಅಂಚಿನಲ್ಲಿ ಎಷ್ಟು ಜೇಬುಗಳಿವೆ ಎಂದು ಎಣಿಸುವುದು. ಏಳೊಂಬತ್ತಲ ಅರವತ್ತಮೂರು. ಹರಿದಿರುವುದು ಬಟ್ಟೆ; ಮಷೀನಿನಲ್ಲಿ ಬಿಚ್ಚಿಹೋದ ಒಂದನ್ನು ಬಿಟ್ಟರೆ ಜೇಬಿನ ಹೊಲಿಗೆ ಹಾಗೇ ಇದೆ. ಎಲ್ಲ ಜೇಬಿನೊಳಗೂ ಕಾಸಿನ ಮಸಿ ದುಂಡಗೆ ಕೂತಿದೆ. ವರ್ಷಗಟ್ಟಲೆ ಒಂದೇ ಕಾಸು ಕದಲದೆ ಇದ್ದರೆ ಮಾತ್ರ ಅಂಥ ಗುರುತು ಬೀಳುತ್ತದೆ. ಯಾವ ಕಾಸು ಯಾವ ಜೇಬಿನದೆಂದು ಇಟ್ಟು ನೋಡಿದರೆ ಅದಲುಬದಲಿನ ಮಾತು ಅಲ್ಲಿಗೇ ನಿಲ್ಲುತ್ತದೆ. ಇದನ್ನು ನೋಡಲು ಭೂತಗನ್ನಡಿಯೂ ಬೇಡ. ನನ್ನ ಡ್ರಾ ಬೋರಲು ಹಾಕುವ ಮೊದಲು ಯಾರಾದರೂ ಅಂಚನ್ನು ಮಡಚಿ ನೋಡಿದ್ದರೆ ಸಾಕಿತ್ತು.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ತಮ್ಮಲ್ಲಿ ಪ್ರಾರ್ಥಿಸಿಕೊಳ್ಳುವುದೇನೆಂದರೆ:

ಅ) ನಾಣ್ಯಗಳೆಲ್ಲ ಮೈದುನನ ಹತ್ತಿರವೇ ಇವೆ. ಅವುಗಳಲ್ಲಿ ನನಗೆ ಪಾಲು ಬೇಡ. ಕೋಟಿನ ಗುಂಡಿಯೂ ಅವನಿಗೇ ಇರಲಿ. ಹಳೆಯದೆಂದು ನಂಬಿದ್ದಾನೆ, ಮನಸ್ಸು ನೋಯಿಸುವುದು ಬೇಡ.

ಆ) ನನ್ನ ಮೇಲೆ ಯಾವ ಕಳ್ಳತನವೂ ಸಾಬೀತಾಗಿಲ್ಲವೆಂದು ದಪ್ಪಕ್ಷರದಲ್ಲಿ ಬರೆದು, ಮೊಹರು ಹಾಕಿ ಕೊಡುವುದು. ಅಂಗಡಿಯಲ್ಲಿ ಕನ್ನಡಿಯ ಪಕ್ಕ ತೂಗುಹಾಕಬೇಕಾಗಿರುವುದರಿಂದ ಅಳತೆ ಒಂದು ಅಡಿಗೆ ಒಂದೂವರೆ ಅಡಿ ಇರತಕ್ಕದ್ದು.

ಇ) ಏಳು ಪರದೆಗಳನ್ನು ಇರುವ ಸ್ಥಿತಿಯಲ್ಲೇ ಹಿಂದಿರುಗಿಸುವುದು. ರಿಪೇರಿ ನಾನು ಮಾಡಿಕೊಳ್ಳುತ್ತೇನೆ. ತಮ್ಮ ಕಚೇರಿಯವರು ಒಗೆಸಿ ಇಸ್ತ್ರಿ ಮಾಡಿಸುವ ಉಪಕಾರಕ್ಕೆ ಮಾತ್ರ ಹೋಗಬಾರದಾಗಿ ಕೈಮುಗಿದು ಕೋರಿಕೆ.

ತಮ್ಮ ವಿಶ್ವಾಸಿ,
(ಉಳಿದಿರುವಷ್ಟು ವಿಶ್ವಾಸದ ಮಟ್ಟಿಗೆ)
ಹೊಲಿಗೆ ಅಂಗಡಿಯಾಕೆ

ಲಗತ್ತುಗಳು:
1. ಮಷೀನು ರಿಪೇರಿಯವನ ರಶೀದಿ.
2. ಭೂತಗನ್ನಡಿಯವರ ಚೀಟಿ. "ತೊಳೆದದ್ದರಿಂದ ಬೆಲೆ ಹೋಗಿದೆ. ತಂದವರಲ್ಲಿ ಹೆಂಗಸಿನ ಕೈ ಸ್ವಚ್ಛವಿತ್ತು" ಎಂದು ಬರೆದುಕೊಟ್ಟಿದ್ದಾರೆ.
3. ತೊಳೆದ ದಿನ ಮೈದುನ ತೆಗೆದು ಬಂಧುಗಳಿಗೆಲ್ಲ ಕಳಿಸಿದ ಫೋಟೋ. ನಾಣ್ಯಗಳ ಅಂಚಿನಲ್ಲಿ ಅವನದೇ ಹೆಬ್ಬೆರಳು ಕಪ್ಪಗೆ ಕಾಣುತ್ತಿದೆ.

ಸಾಕ್ಷಿಯ ಹೇಳಿಕೆ (ಬೇರೆ ಕೈಬರಹದಲ್ಲಿ):

ಮೇಲಿನದನ್ನು ಪೂರ್ತಿ ಓದಿದ್ದೇನೆ. ಕನ್ನಡಕ ಹಾಕಿದ್ದೆ. ನಾಣ್ಯ ತೊಳೆದದ್ದು ನನ್ನ ತಮ್ಮ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಬೇಡ ಅಂದವಳು ನನ್ನ ಹೆಂಡತಿ ಒಬ್ಬಳೇ. ಅಂಗಡಿಯಲ್ಲಿ ತಮ್ಮ ಸುಳ್ಳು ಹೇಳಿದಾಗ ನಾನು ಫ್ಯಾನು ನೋಡಿದ್ದೂ ನಿಜ. ಎಂಟನೇ ಕಲಮಿನಲ್ಲಿ ಅವಳು ಕೇಳಿದ ಪ್ರಶ್ನೆಗೆ ಉತ್ತರ ಮನೆಯಲ್ಲಿ ಹೇಳುತ್ತೇನೆ. ಕಚೇರಿಗೆ ಅದು ಬೇಕಾಗಿಲ್ಲ.
(ಸಹಿ)

ಅರ್ಜಿದಾರಳ ಷರಾ: ಮೇಲಿನ ಸಹಿಯನ್ನು ದೂರಿನ ಏಳನೆಯ ಪುಟದ ಸಹಿಯೊಂದಿಗೆ ಹೋಲಿಸಿ ನೋಡಬೇಕಾಗಿ ಕೊನೆಯದಾಗಿ ಕೋರುತ್ತೇನೆ. ಎರಡೂ ಒಬ್ಬರದೇ ಎಂದು ನನಗೂ ಖಾತ್ರಿಯಿಲ್ಲ.